ಸಹಾಯ ಬೇಕು: ಅಸ್ಸಾಮಿ, ಬಂಗಾಳಿ ಬಲ್ಲವರು ಇದ್ದೀರಾ? ದಡಾರ ಲಸಿಕೆ ವಿಚಾರ

ಎಲ್ಲರಿಗೂ ನಮಸ್ಕಾರ. ನಾನು ಸಿದ್ದಾಪುರದ ಕಡೆ ಒಂದು ಕ್ಲಿನಿಕ್ಕಿನಲ್ಲಿ ನರ್ಸ್. ಕಾಫಿ ಕೊಯ್ಲಿಗೆ ಅಸ್ಸಾಂ ಕಡೆಯಿಂದ ಬಂದವರು ಜ್ವರ, ಕೆಮ್ಮು ಅಂತ ಮಕ್ಕಳನ್ನು ಕರೆತರುತ್ತಾರೆ. ಲಸಿಕೆ ಬಗ್ಗೆ ಮಾತಾಡೋಣ ಎಂದರೆ ಭಾಷೆ ಅಡ್ಡ ಬರುತ್ತದೆ. ಮೊನ್ನೆ ಒಬ್ಬ ತಾಯಿ ಸೆರಗಿನ ಗಂಟು ಬಿಚ್ಚಿ, ಮಡಿಕೆಯಲ್ಲೇ ಹರಿದುಹೋದ ಕಾರ್ಡ್ ಕೊಟ್ಟರು. ಮಗುವಿಗೆ ಒಂದೂವರೆ ವರ್ಷ. ಎಂಆರ್ (ದಡಾರ-ರುಬೆಲ್ಲಾ) ಲಸಿಕೆಯ ಜಾಗ ಖಾಲಿ.

ದಡಾರ ಸುಮ್ನೆ ಬಂದು ಹೋಗುವ ಕಾಯಿಲೆ ಅಲ್ಲ. ನ್ಯುಮೋನಿಯಾ ಆಗಬಹುದು, ಕಣ್ಣೂ ಹೋಗಬಹುದು. ರೋಗಿ ಎದ್ದು ಹೋದ ಮೇಲೂ 2 ಗಂಟೆವರೆಗೆ ವೈರಸ್ ಆ ಕೋಣೆಯ ಗಾಳಿಯಲ್ಲಿ ಇರಬಲ್ಲದು. ಅದೇ ಬೆಂಚಿನಲ್ಲಿ ಇನ್ನೂ ಲಸಿಕೆಯ ವಯಸ್ಸೇ ಆಗದ ಕೂಸುಗಳು ಕೂತಿರುತ್ತವೆ, ಅಲ್ವಾ? 2000ದಲ್ಲಿ ದಡಾರ ತೊಲಗಿತು ಎಂದಿದ್ದ ಅಮೆರಿಕದಲ್ಲೂ 2025ರಲ್ಲಿ ಅದು ಜೋರಾಗಿ ಹಬ್ಬಿತು.

ಭಾಷೆ ಬಲ್ಲವರು ಒಂದು ಚಿಕ್ಕ ಆಡಿಯೋ ಮಾಡಿಕೊಡಿ. 9 ತಿಂಗಳು ತುಂಬಿದಾಗ ಒಂದು ಡೋಸ್, 16ರಿಂದ 24 ತಿಂಗಳೊಳಗೆ ಇನ್ನೊಂದು. ತಪ್ಪಿದ್ದರೆ 5 ವರ್ಷದವರೆಗೂ ಹಾಕುತ್ತಾರೆ, ಸರಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲ. ಇಷ್ಟು ಹೇಳಿದರೆ ಸಾಕು.

ತೋಟದ ಮಾಲೀಕರೇ, ಲಸಿಕೆ ದಿನ ತಾಯಂದಿರ ಕೂಲಿ ಹಿಡಿಯಬೇಡಿ. ಕೆಲಸಗಾರರು ಇರುವ ಲೈನ್ ಮನೆಯಿಂದ ಜೀಪ್ ಕಳಿಸಿದರೆ ಇನ್ನೂ ಒಳ್ಳೆಯದು. ಆಸ್ಪತ್ರೆಗಳಲ್ಲಿ ಕೆಲಸ ಮಾಡುವ ಗೆಳೆಯರು ನಿಮ್ಮ 2 ಡೋಸ್ ಆಗಿದೆಯಾ ಅಂತ ಇವತ್ತೇ ನೋಡಿಕೊಳ್ಳಿ. ಆಡಿಯೋ ಮಾಡುವವರು ಇಲ್ಲೇ ಕಾಮೆಂಟ್ ಹಾಕಿ, ನಾನೇ ಮೆಸೇಜ್ ಮಾಡುತ್ತೇನೆ.