ಕ್ಯಾಲ್ಜಾಗಿ ಮತ್ತು ವಾರ್ಡ್ ಎದುರಾಗಿದ್ದರೆ ಗೆಲುವು ಯಾರದು?

ಪ್ರಶ್ನೆ (ತುಮಕೂರಿನಿಂದ):
ನಮ್ಮ ವಿಜೇಂದರ್ ಸಿಂಗ್ ವೃತ್ತಿಪರ ಬಾಕ್ಸರ್ ಆಗಿ ಸೆಣಸಿದ ಸೂಪರ್ ಮಿಡಲ್‌ವೇಟ್‌ನಲ್ಲಿ, ಅಂದರೆ 168 ಪೌಂಡ್ ಮಿತಿಯ ವರ್ಗದಲ್ಲಿ, ಒಂದೂ ಸೋಲು ಕಾಣದೆ ನಿವೃತ್ತರಾದ ಇಬ್ಬರ ನಡುವೆ ಎಂದೂ ನಡೆಯದ ಪಂದ್ಯವೊಂದರ ಬಗ್ಗೆ ತಮ್ಮೆಲ್ಲರ ಅಂದಾಜು ಕೇಳಬೇಕಿದೆ. ವೇಲ್ಸ್‌ನ ಜೋ ಕ್ಯಾಲ್ಜಾಗಿ 46 ಪಂದ್ಯ ಗೆದ್ದು 2009ರಲ್ಲಿ ನಿವೃತ್ತರಾದರೆ, ಅಮೆರಿಕದ ಆಂಡ್ರೆ ವಾರ್ಡ್ 32 ಗೆದ್ದು 2017ರಲ್ಲಿ ನಿಲ್ಲಿಸಿದರು. ಡೆನ್ಮಾರ್ಕಿನ ಮಿಕೆಲ್ ಕೆಸ್ಲರ್ ಅವರನ್ನು ಇಬ್ಬರೂ ಸೋಲಿಸಿದ್ದಾರೆ. ವಾರ್ಡ್ ಹೆಚ್ಚು ಸಲೀಸಾಗಿ ಗೆದ್ದದ್ದರಿಂದ ಅವರೇ ಮೇಲು ಎಂಬುದು ಸಂಜೆ ನನ್ನೊಡನೆ ಅಭ್ಯಾಸ ಮಾಡುವ ಗೆಳೆಯರ ವಾದ. ಇಬ್ಬರೂ ತಮ್ಮ ಉತ್ತುಂಗದಲ್ಲಿದ್ದಾರೆ, 12 ಸುತ್ತುಗಳು, ಸ್ಥಳ ಇಬ್ಬರಿಗೂ ಹೊರಗಿನದು ಎಂದಿಟ್ಟುಕೊಳ್ಳಿ.

ಉತ್ತರ (ಕೋಲಾರದಿಂದ):
ಕೆಸ್ಲರ್ ಅವರನ್ನು ಅಳತೆಗೋಲು ಮಾಡಿಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. 2007ರಲ್ಲಿ ಕಾರ್ಡಿಫ್‌ನಲ್ಲಿ ಕ್ಯಾಲ್ಜಾಗಿ ಎದುರು ನಿಂತಾಗ ಅವರು ಇನ್ನೂ ಅಜೇಯರು. 2009ರಲ್ಲಿ ಓಕ್ಲೆಂಡ್‌ನಲ್ಲಿ ವಾರ್ಡ್ ಜೊತೆಗಿನ ಪಂದ್ಯವಾದರೋ ತಲೆಗೆ ತಲೆ ತಗುಲಿ ಕೆಸ್ಲರ್ ಮುಖದಲ್ಲಿ ಗಾಯಗಳಾದ ಕಾರಣ 11ನೇ ಸುತ್ತಿನಲ್ಲಿಯೇ ನಿಂತು, ಅಂಕಗಳ ಮೇಲೆ ತೀರ್ಮಾನವಾಯಿತು. ಅದಕ್ಕಿಂತ 2012ರಲ್ಲಿ ವಾರ್ಡ್ ಅವರು ಚಾಡ್ ಡಾಸನ್ ಎದುರು ಆಡಿದ ಪಂದ್ಯವೇ ಇಲ್ಲಿ ಹೆಚ್ಚು ಉಪಯುಕ್ತ, ಏಕೆಂದರೆ ಕ್ಯಾಲ್ಜಾಗಿಯಂತೆ ಡಾಸನ್ ಕೂಡ ಎಡಚ, ಅಂದರೆ ಬಲಗೈ, ಬಲಗಾಲು ಮುಂದಿಟ್ಟು ನಿಲ್ಲುವವರು. ಎಡಚನ ಎದುರು ಬಲಗೈಯವನು ನಿಂತರೆ ಇಬ್ಬರ ಮುಂಗಾಲೂ ಒಂದೇ ಜಾಗಕ್ಕೆ ಬಂದು ಒಂದನ್ನೊಂದು ತುಳಿಯುತ್ತವೆ. ಆಗ ಎಡಚನ ಪಾದದ ಹೊರಮಗ್ಗುಲಿಗೆ ಹೆಜ್ಜೆಯಿಟ್ಟು ಬಲಗೈ ಬೀಸಬೇಕೆಂದು ಎಲ್ಲ ತರಬೇತುದಾರರೂ ಹೇಳಿಕೊಡುತ್ತಾರೆ. ವಾರ್ಡ್ ಆ ಪಾಠಕ್ಕೆ ಕಟ್ಟುಬೀಳದೆ, ಮುಂದಿನ ಕೈಯಿಂದಲೇ ಚಿಕ್ಕದಾದ ಎಡ ಹುಕ್ (ಮೊಣಕೈ ಮಡಿಸಿ ಪಕ್ಕದಿಂದ ಬೀಸುವ ಗುದ್ದು) ಹೊಡೆದು 3ನೇ ಸುತ್ತಿನಲ್ಲಿ ಡಾಸನ್ ಅವರನ್ನು ಕೆಡವಿದರು, 4ರಲ್ಲಿ ಮತ್ತೆ ಕೆಡವಿ, 10ರಲ್ಲಿ ಪಂದ್ಯ ಮುಗಿಸಿದರು. ತೂಕ ಇಳಿಸಿಕೊಂಡು ಬಂದ ಡಾಸನ್ ನಿತ್ರಾಣರಾಗಿದ್ದರು ಎಂಬ ಆಕ್ಷೇಪವಿದೆ, ಅದರಲ್ಲಿ ಹುರುಳೂ ಇದೆ. ಆದರೂ ಆ ಹುಕ್ ಅನ್ನು ಕಡೆಗಣಿಸಲಾಗದು. ನನ್ನ ಮತ ವಾರ್ಡ್‌ಗೆ.

ಉತ್ತರ (ಚಿಂತಾಮಣಿಯಿಂದ):
ಕ್ಯಾಲ್ಜಾಗಿಯವರನ್ನು ಡಾಸನ್ ಜೊತೆ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಡಾಸನ್ ಕಾದು ನೋಡಿ ಹೊಡೆಯುವವರು. ಕ್ಯಾಲ್ಜಾಗಿ ಎದುರಾಳಿಗೆ ಯೋಚಿಸಲೂ ಬಿಡುವು ಕೊಡದೆ ಗುದ್ದಿನ ಮೇಲೆ ಗುದ್ದು ಸುರಿಸುವವರು. ಅವು ಗುದ್ದುಗಳಲ್ಲ, ಅಂಗೈ ಏಟುಗಳು ಎಂದು ಹೀಗಳೆಯುವವರು 2006ರ ಮ್ಯಾಂಚೆಸ್ಟರ್ ಪಂದ್ಯದ ಕೊನೆಯಲ್ಲಿ ಜೆಫ್ ಲೇಸಿಯವರ ಮುಖ ಹೇಗಾಗಿತ್ತು ಎಂದು ಒಮ್ಮೆ ನೋಡಬೇಕು. ವಾರ್ಡ್ ಅವರ ದೊಡ್ಡ ಆಯುಧವೆಂದರೆ ಹತ್ತಿರ ನುಗ್ಗಿ, ತೋಳು ಸಿಕ್ಕಿಸಿ, ಎದುರಾಳಿಯ ಲಯ ಕೆಡಿಸುವುದು. ಅದೇ ವಿದ್ಯೆಯಲ್ಲಿ ಪಳಗಿದ ಬರ್ನಾರ್ಡ್ ಹಾಪ್ಕಿನ್ಸ್ ಅವರನ್ನು ಕ್ಯಾಲ್ಜಾಗಿ 2008ರಲ್ಲಿ ಲಾಸ್ ವೇಗಸ್‌ನಲ್ಲಿ, ಅದೂ ಹೆಚ್ಚಿನ ತೂಕದ ವರ್ಗದಲ್ಲಿ, ಮೊದಲ ಸುತ್ತಿನಲ್ಲೇ ನೆಲಕ್ಕೆ ಬಿದ್ದೂ ಸೋಲಿಸಿದರು. ಆಗ ಹಾಪ್ಕಿನ್ಸ್‌ಗೆ 43 ವರ್ಷವಾಗಿತ್ತು ಎಂಬುದನ್ನು ನಾನು ಮರೆತಿಲ್ಲ. ಆದರೆ ಆ ವಯಸ್ಸಿನ ನಂತರವೂ ಅವರು ವಿಶ್ವ ಪ್ರಶಸ್ತಿ ಗೆದ್ದರು. ರೆಫರಿ ತೆಕ್ಕೆಯನ್ನು ಕೂಡಲೇ ಬಿಡಿಸುವವರಾದರೆ ಏಳು ಸುತ್ತು ಕ್ಯಾಲ್ಜಾಗಿಯ ಪಾಲಾಗುತ್ತವೆ.

ಉತ್ತರ (ಕೋಲಾರದಿಂದ, ಮತ್ತೆ):
ರೆಫರಿಯ ವಿಷಯ ಒಪ್ಪಿದೆ. ಆದರೆ ನೆಲಕ್ಕೆ ಬಿದ್ದದ್ದನ್ನು ತಾವು ಹಗುರವಾಗಿ ದಾಟಿಬಿಟ್ಟಿರಿ. ಅದೇ ವರ್ಷ ರಾಯ್ ಜೋನ್ಸ್ ಎದುರೂ ಕ್ಯಾಲ್ಜಾಗಿ ಮೊದಲ ಸುತ್ತಿನಲ್ಲೇ ಬಿದ್ದಿದ್ದರು. ಸುತ್ತು ಗೆದ್ದವರಿಗೆ 10, ಸೋತವರಿಗೆ ಸಾಮಾನ್ಯವಾಗಿ 9 ಅಂಕ; ಬಿದ್ದ ಸುತ್ತು ಸಾಮಾನ್ಯವಾಗಿ 10-8 ಆಗುತ್ತದೆ. ತಾವು ಹೇಳಿದಂತೆ ಏಳು ಸುತ್ತು ಅವರಿಗೇ ಕೊಟ್ಟು, ಉಳಿದ ಐದರಲ್ಲಿ ಒಮ್ಮೆ ಬಿದ್ದರೆಂದು ಲೆಕ್ಕ ಹಾಕಿದರೂ ಗೆಲುವು 114-113 ಮಾತ್ರ. ಆ ಏಳರಲ್ಲಿ ಒಂದೇ ಒಂದು ಸುತ್ತು ಆಚೆ ಸರಿದರೆ ಅದೇ 114-113 ವಾರ್ಡ್ ಹೆಸರಿಗೆ ಬರುತ್ತದೆ, ಮತ್ತು ಸುತ್ತುಗಳನ್ನು ಹಾಗೆ ಕೂದಲೆಳೆಯಲ್ಲಿ ಕಸಿದುಕೊಳ್ಳುವುದರಲ್ಲಿ ವಾರ್ಡ್ ಅವರಿಗಿಂತ ನಿಪುಣರನ್ನು ಈ ತೂಕದಲ್ಲಿ ನಾನು ಕಂಡಿಲ್ಲ.