ಗದಗ ಫೈಲ್ ಓಪನ್ ಆಗುತ್ತದೆ, ಬ್ಯಾಡಗಿ ಆಗುವುದಿಲ್ಲ! ಯಾಕೆ?

ಮಿರ್ಚಿ_ಹಾವೇರಿ: ತಲೆ ಕೆಟ್ಟು ಹೋಗಿದೆ. ಮೆಣಸಿನಕಾಯಿ ದರ ಓದಲು ಪೈಥಾನ್‌ನಲ್ಲಿ ಸಣ್ಣ ಪ್ರೋಗ್ರಾಂ ಬರೆದಿದ್ದೇನೆ. ಊರಿಗೊಂದು ಫೈಲ್. ಹುಬ್ಬಳ್ಳಿ, ಗದಗ, ಹಾವೇರಿ ಓಪನ್ ಆಗುತ್ತವೆ. ಬ್ಯಾಡಗಿ, ರಾಣೆಬೆನ್ನೂರು, ನರಗುಂದ, ಅಣ್ಣಿಗೇರಿ ಜಪ್ಪಯ್ಯ ಅಂದರೂ ಇಲ್ಲ. ಎಲ್ಲ ಒಂದೇ ಫೋಲ್ಡರ್‌ನಲ್ಲಿವೆ. ಬೇಗ ಹೇಳಿ.

ದುರ್ಗದಬೈಲ್_ದೇವ್: ವಾಟ್ಸಾಪ್‌ನಿಂದ ಕೋಡ್ ಕಾಪಿ ಮಾಡಿದ್ದೀರಿ, ಅಷ್ಟೇ. ಅಲ್ಲಿಂದ ಬಾಗಿದ ಕೋಟ್ ಬರುತ್ತದೆ, “ ಹೀಗೆ. ಪೈಥಾನ್‌ಗೆ ನೆಟ್ಟಗಿನ " ಬೇಕು. ಅಳಿಸಿ ಕೈಯಿಂದ ಟೈಪ್ ಮಾಡಿ.

ಮಿರ್ಚಿ_ಹಾವೇರಿ: ಮಾಡಿದೆ. ಅದೇ ಗೋಳು.

ದುರ್ಗದಬೈಲ್_ದೇವ್: ಮತ್ತೊಮ್ಮೆ ನೋಡಿ ಸರ. ಎಲ್ಲೋ ಒಂದು ಉಳಿದಿರುತ್ತದೆ.

ಸಾಧನಕೇರಿ: ಬಾಗಿದ ಕೋಟ್ ಇದ್ದರೆ ಪ್ರೋಗ್ರಾಂ ಶುರುವೇ ಆಗುವುದಿಲ್ಲ ರೀ, ಗದಗ ಹೇಗೆ ಓಪನ್ ಆದೀತು? ಎರರ್ ಪೂರ್ತಿ ಹಾಕಿ. ಯಾವ ವರ್ಷನ್ ಅಂತಾನೂ ಹೇಳಿಲ್ಲ.

ಮುಳಗುಂದ_ನಾಕಾ: ಡಬಲ್ ಕೋಟ್ ಬಿಟ್ಟು ಸಿಂಗಲ್ ಹಾಕಿ. ನಾನು ಯಾವಾಗಲೂ ಸಿಂಗಲ್.

ದುರ್ಗದಬೈಲ್_ದೇವ್: ಪೈಥಾನ್‌ನಲ್ಲಿ ಎರಡೂ ಒಂದೇ. ಸಿ ಭಾಷೆಯಲ್ಲಿ ಬೇರೆ, ಅಲ್ಲಿ ಸಿಂಗಲ್ ಅಂದರೆ ಒಂದು ಅಕ್ಷರ.

ಮುಳಗುಂದ_ನಾಕಾ: ಸಿ ವಿಷಯ ಯಾರು ಕೇಳಿದರು?

ಮಿರ್ಚಿ_ಹಾವೇರಿ: ಯಪ್ಪಾ, ಸಂತೆ ಮಾಡಬೇಡಿ. ವಿಂಡೋಸ್, ಅದು ಗೊತ್ತಿರುವುದೇ ಅಲ್ವಾ? ಪೈಥಾನ್ 3.12. ಎರರ್‌ನಲ್ಲಿ ಬ್ಯಾಡಗಿಯ ಬಿ ಮಾಯ, ಆ ಜಾಗದಲ್ಲಿ \ಎಕ್ಸ್08 ಅಂತ ಏನೋ ಇದೆ. ಶುರುವಿನಲ್ಲಿ 'ಎಸ್ಕೇಪ್' ಅಂತ ವಾರ್ನಿಂಗ್ ಬರುತ್ತದೆ, ಅದನ್ನು ಬಿಡಿ.

ಸಾಧನಕೇರಿ: ಬಿಡುವುದೇನು, ಉತ್ತರ ಅದರಲ್ಲೇ ಇದೆ! ಪಾತ್‌ನಲ್ಲಿ, ಅಂದರೆ ಫೈಲ್ ಇರುವ ಜಾಗದ ವಿಳಾಸದಲ್ಲಿ, ಬ್ಯಾಕ್‌ಸ್ಲ್ಯಾಶ್ (\) ಹಾಕಿದ್ದೀರಿ, ಫೈಲ್ ಹೆಸರು ಇಂಗ್ಲಿಷ್‌ನಲ್ಲಿವೆ. \ ಪಕ್ಕ ಕೆಲವು ಅಕ್ಷರ ಬಂದರೆ ಪೈಥಾನ್ ಎರಡನ್ನೂ ಕೂಡಿಸಿ ಬೇರೆ ಅರ್ಥದಲ್ಲಿ ಓದುತ್ತದೆ, ಎಸ್ಕೇಪ್ ಅಂದರೆ ಅದೇ. \ ಪಕ್ಕ ಸಣ್ಣ ಎನ್ ಬಂದರೆ ಹೊಸ ಸಾಲು, ಬಿ ಬಂದರೆ ಬ್ಯಾಕ್‌ಸ್ಪೇಸ್ (ನಿಮ್ಮ \ಎಕ್ಸ್08 ಅದೇ), ಎ ಬಂದರೆ ಬೆಲ್, ಆರ್ ಬಂದರೆ ಕ್ಯಾರಿಯೇಜ್ ರಿಟರ್ನ್ (ಸಾಲಿನ ಶುರುವಿಗೆ ವಾಪಸ್). ನಿಮ್ಮ ನಾಲ್ಕೂ ಊರು ಸಿಕ್ಕಿಬಿದ್ದವು. ಎಚ್, ಜಿಗೆ ಅಂಥ ಅರ್ಥ ಇಲ್ಲ, ಬರೀ ವಾರ್ನಿಂಗ್. ಹುಬ್ಬಳ್ಳಿ, ಗದಗ ಬಚಾವ್. ಹೆಸರು ಕನ್ನಡ ಲಿಪಿಯಲ್ಲಿದ್ದಿದ್ದರೆ ಬ್ಯಾಡಗಿಯೂ ಓಪನ್ ಆಗುತ್ತಿತ್ತು! ಕೋಟ್ ಮುಂಚೆ ಸಣ್ಣ ಆರ್ ಹಾಕಿ, ಆಗ \ ಅನ್ನು ಹಾಗೇ ಓದುತ್ತದೆ. ಇಲ್ಲ \\ ಎರಡೆರಡು ಹಾಕಿ. / ಹಾಕಿದರೂ ವಿಂಡೋಸ್ ಒಪ್ಪುತ್ತದೆ.

ಮುಳಗುಂದ_ನಾಕಾ: ಅದಕ್ಕೇ ನಾನು ವಿಂಡೋಸ್ ಬಿಟ್ಟು ಉಬುಂಟು. ಹಳೇ ಲ್ಯಾಪ್‌ಟಾಪ್‌ಗೆ ಎಸ್‌ಎಸ್‌ಡಿ, ಪಕ್ಕಕ್ಕೆ ಎರಡು ಮಾನಿಟರ್. ಫೋಟೋ ಹಾಕಲೇ?

ದುರ್ಗದಬೈಲ್_ದೇವ್: ಹಾಕಿ. ಕೀಬೋರ್ಡ್ ಯಾವುದು?

ಮಿರ್ಚಿ_ಹಾವೇರಿ: ಆರ್ ಹಾಕಿದೆ, ಬ್ಯಾಡಗಿ ಓಪನ್ ಆಯಿತು. ಫೋಲ್ಡರ್ ಪಾತ್ ಬೇರೆ ಇಟ್ಟು ಊರಿನ ಹೆಸರು ಕೂಡಿಸೋಣ ಅಂದರೆ ಈಗ ಸ್ಟ್ರಿಂಗ್ (ಕೋಟ್ ಒಳಗಿನ ಬರಹ) ಮುಗಿದೇ ಇಲ್ಲ ಅನ್ನುತ್ತದೆ! ಕೋಟ್ ಕಣ್ಣಿಗೆ ಕಾಣುತ್ತಿದೆ.

ಸಾಧನಕೇರಿ: ಪಾತ್ ಕೊನೆಯಲ್ಲಿ \ ಇಟ್ಟಿರಬೇಕು. ಆರ್ ಇದ್ದರೂ ಅದು ಪಕ್ಕದ ಕೋಟ್ ಅನ್ನು ಸ್ಟ್ರಿಂಗ್ ಒಳಗೇ ಎಳೆದುಕೊಳ್ಳುತ್ತದೆ. ಅಲ್ಲಿ / ಹಾಕಿ ನೋಡಿ.

ಮುಳಗುಂದ_ನಾಕಾ: ಕೀಬೋರ್ಡ್ ಮೆಕ್ಯಾನಿಕಲ್, ಟಕಟಕ ಅನ್ನುವ ಬ್ಲೂ ಸ್ವಿಚ್. ರಾತ್ರಿ ಟೈಪ್ ಮಾಡಿದರೆ ಮನೆಯವರು ಬೈಯುತ್ತಾರೆ.