ಸೆಟ್ರಿಜಿನ್ ಕೊಟ್ಟರೂ ಅತ್ತೆಯವರ ತುರಿಕೆ ನಿಲ್ಲುತ್ತಿಲ್ಲ, ಯಾಕೆ?

ಪ್ರಶ್ನೆ: ಡಾಕ್ಟರೇ, ನಮಸ್ಕಾರ. ನಮ್ಮ ಅತ್ತೆಗೆ 71. ದೀಪಾವಳಿ ಮುಗಿಸಿ ಕಾರವಾರದಿಂದ ಇಲ್ಲಿಗೆ, ಪುಣೆಯ ಕೋಥ್ರೂಡ್‌ಗೆ ಬಂದರು. ಹದಿನೈದು ದಿನಕ್ಕೆಲ್ಲ ಬೆನ್ನು, ಮೊಣಕಾಲ ಕೆಳಗೆ ತುರಿಕೆ ಶುರು. ಗುಳ್ಳೆ ಇಲ್ಲ, ದದ್ದು ಇಲ್ಲ. ರಾತ್ರಿ ಜಾಸ್ತಿ. ಬಾಚಣಿಗೆ ತಗೊಂಡು ರಕ್ತ ಬರುವವರೆಗೂ ಕೆರೆದುಕೊಳ್ಳುತ್ತಾರೆ. ಅಲರ್ಜಿ ಮಾತ್ರೆ ಸೆಟ್ರಿಜಿನ್ ಕೊಟ್ಟರೆ ತೂಕಡಿಸುತ್ತಾರೆ, ತುರಿಕೆ ಹಾಗೇ ಇರುತ್ತದೆ. ಇದು ಅಲರ್ಜಿ ಅಲ್ವಾ?

ಉತ್ತರ: ಅಲ್ಲ ಅಂತ ಕಾಣುತ್ತದೆ, ಮೇಡಂ. ಸೆಟ್ರಿಜಿನ್ ತಡೆಯುವುದು ಹಿಸ್ಟಮಿನ್ ಕೆಲಸವನ್ನು, ಅಂದರೆ ಅಲರ್ಜಿಯಾದಾಗ ಮೈಯೊಳಗೇ ಹೊರಬಂದು ತುರಿಕೆ ಎಬ್ಬಿಸುವ ರಾಸಾಯನಿಕದ ಕೆಲಸವನ್ನು. ಪಿತ್ತದ ಗಂಧೆ ಎದ್ದಾಗ ಅದು ಸರಿ. ಆದರೆ ಹಿಸ್ಟಮಿನ್ ಗೊಡವೆಯೇ ಇಲ್ಲದ ತುರಿಕೆಗಳು ಬೇಕಾದಷ್ಟಿವೆ.

ಅತ್ತೆಯವರಿಗೆ ನಸುಗುನ್ನಿ ಕಾಯಿ ಗೊತ್ತಿರುತ್ತದೆ, ಕೇಳಿ ನೋಡಿ. ಅದರ ಮೇಲಿನ ಕಂದು ಸುಂಕು ತಾಗಿದರೆ ಮನುಷ್ಯ ಕುಣಿದಾಡುತ್ತಾನೆ. (ಶಾಲೆಯ ಬೆಂಚಿಗೆ ಅದನ್ನು ಸವರಿ ನಾನು ಒದೆ ತಿಂದವನು.) ಆ ಸುಂಕಿನಲ್ಲಿ ಮ್ಯೂಕುನೈನ್ ಎಂಬ ಎಂಜೈಮ್ ಇದೆ. ಅದು ಹಿಸ್ಟಮಿನ್ ದಾರಿಗೆ ಹೋಗದೆ ಬೇರೆ ದಾರಿಯಲ್ಲೇ ನರವನ್ನು ಕೆಣಕುತ್ತದೆ. ಹಾಗಾಗಿ ಸೆಟ್ರಿಜಿನ್ ಜಾತಿಯ ಮಾತ್ರೆ ಅದಕ್ಕೆ ನಾಟುವುದಿಲ್ಲ. ತುರಿಕೆ ಸಂಶೋಧನೆಯಲ್ಲಿ ಜನರ ಕೈಗೆ ಇದೇ ಸುಂಕು ಚುಚ್ಚಿ ಪರೀಕ್ಷೆ ಮಾಡುತ್ತಾರೆ!

ತುರಿಕೆ ಅಂದರೆ ಸಣ್ಣ ನೋವು ಅಂತ ಮೊದಲು ತಿಳಿದಿದ್ದರು. 2007ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಝೌ-ಫೆಂಗ್ ಚೆನ್ ತಂಡದವರು ಜಿಆರ್‌ಪಿಆರ್ ಎಂಬ ಜೀನ್ ಇಲ್ಲದ ಇಲಿಗಳನ್ನು ನೋಡಿದರು. ಅವು ಕೆರೆದುಕೊಳ್ಳುವುದು ಕಡಿಮೆ, ನೋವು ಮಾತ್ರ ಮಾಮೂಲಿನಂತೆ. ಅಂದರೆ ತುರಿಕೆಯೇ ಬೇರೆ, ನೋವೇ ಬೇರೆ. ಕೆರೆದಾಗ ಆಗುವ ಚೂರು ನೋವು ತುರಿಕೆಯನ್ನು ಸ್ವಲ್ಪ ಹೊತ್ತು ಮುಚ್ಚುತ್ತದೆ. ಆ ನೋವು ತಗ್ಗಿಸಲು ಮಿದುಳಿನಿಂದ ಸೆರೊಟೊನಿನ್ ಎಂಬ ರಾಸಾಯನಿಕ ಬರುತ್ತದೆ, ಅದೇ ತುರಿಕೆಯನ್ನು ಮತ್ತೆ ಏರಿಸುತ್ತದೆ. ಇದೂ ಇಲಿಗಳಲ್ಲಿ 2014ರಲ್ಲಿ ಅದೇ ತಂಡ ಕಂಡದ್ದು. ಬಾಚಣಿಗೆ ಅಡಗಿಸಿಡಿ, ಉಗುರು ಕತ್ತರಿಸಿ.

ನನ್ನ ಅನುಮಾನ ಒಣ ಚರ್ಮದ ಮೇಲೆ. ಕಾರವಾರದ ತೇವ ಎಲ್ಲಿ, ಪುಣೆಯ ಡಿಸೆಂಬರ್ ಎಲ್ಲಿ! ರಾತ್ರಿ ಚರ್ಮ ಬೆಚ್ಚಗಾಗುತ್ತದೆ, ನೀರಿನಂಶ ಹೆಚ್ಚು ಕಳೆದುಕೊಳ್ಳುತ್ತದೆ. ಗಮನ ಬೇರೆ ಕಡೆ ಹೋಗಲು ಟಿವಿಯೂ ಇರುವುದಿಲ್ಲ. ಆದರೂ ಈ ವಯಸ್ಸಿನಲ್ಲಿ ಸುಮ್ನೆ ಬಿಡಬೇಡಿ. ಕಿಡ್ನಿ, ಲಿವರ್, ಥೈರಾಯ್ಡ್, ಶುಗರ್, ರಕ್ತದ ಎಣಿಕೆ ಒಮ್ಮೆ ಮಾಡಿಸಿ. ಕಿಡ್ನಿ ಕೆಟ್ಟಾಗಲೂ ಹೀಗೇ ಗುಳ್ಳೆಯಿಲ್ಲದೆ ತುರಿಸುತ್ತದೆ. ಅದಕ್ಕೆ ಔಷಧಿಯೇ ಬೇರೆ.

ಇನ್ನೊಬ್ಬ ಸದಸ್ಯರು: ಮೆಡಿಕಲ್‌ನವರು ಒಂದು ಟ್ಯೂಬ್ ಕೊಡ್ತಾರೆ, ನಮಗೆ ಎರಡೇ ದಿನಕ್ಕೆ ಹೋಯ್ತು. ಹಚ್ಚಬಹುದಾ?

ಉತ್ತರ: ದಯವಿಟ್ಟು ಬೇಡ ಸರ್. ಅಂಥ ಎಷ್ಟೋ ಟ್ಯೂಬಿನಲ್ಲಿ ಸ್ಟೀರಾಯ್ಡ್ ಇರುತ್ತದೆ. ಗಜಕರ್ಣಕ್ಕೆ ಹಚ್ಚಿದರೆ ಮೊದಲು ಹೋದಂತೆ ಕಾಣುತ್ತದೆ, ಆಮೇಲೆ ಹಬ್ಬುತ್ತದೆ.

ಪ್ರಶ್ನೆ ಕೇಳಿದವರು: ಡಾಕ್ಟರೇ, ಅತ್ತೆಗೆ ಓದಿ ಹೇಳಿದೆ. ನಸುಗುನ್ನಿ ಅಂದಕೂಡಲೇ ನಕ್ಕರು. ಆದರೆ ಹಬೆಯಾಡುವ ನೀರಲ್ಲಿ ಅರ್ಧ ಗಂಟೆ ಸ್ನಾನ ಮಾಡ್ತಾರೆ, ಅದೂ ಕಾರಣವಾ? "ಸೊಸೆಯನ್ನು ಬೇಕಾದರೆ ಬಿಡ್ತೇನೆ, ಬಿಸಿನೀರು ಬಿಡಲ್ಲ" ಅಂತಾರೆ.

ಉತ್ತರ: ಅದೇ ದೊಡ್ಡ ಕಾರಣ ಇರಬಹುದು! ನೀರು ಉಗುರುಬೆಚ್ಚಗಿರಲಿ, ಹತ್ತು ನಿಮಿಷ ಸಾಕು. ಸೋಪು ಕಂಕುಳು, ತೊಡೆಸಂದಿಗೆ ಮಾತ್ರ. ಮೈ ಒರೆಸಿ ಇನ್ನೂ ಪಸೆ ಇರುವಾಗಲೇ ವ್ಯಾಸಲೀನ್ ಹಚ್ಚಿ. ಒಪ್ಪದಿದ್ದರೆ ಗೀಸರ್ ನೀವೇ ಬೇಗ ಆಫ್ ಮಾಡಿ, ಕರೆಂಟ್ ಹೋಯ್ತು ಅನ್ನಿ.